ಸೀನೋಕೂ ದೊಣ್ಣೆ ನಾಯಕನ ಅಪ್ಪಣೆ ಬೇಕಾ?

ಒಬ್ಬ ಮನುಷ್ಯನಿದ್ದಾನೆ. ಯಾವ ದೇಶಕ್ಕೆ ಹೋದರೂ ಸಿಗುತ್ತಾನೆ. ಹೆಲ್ಮೆಟ್ ಹಾಕ್ಕೊಳ್ಳಪ್ಪಾ ಅಂದರೆ ‘ತಲೆ ನಂದು’ ಅನ್ನುತ್ತಾನೆ. ಇಷ್ಟು ಜೋರಾಗಿ ಓಡಿಸಬೇಡ ಅಂದರೆ ‘ಗಾಡಿ ನಂದು’. ಅನುಮತಿ ಇಲ್ಲದೆ ಇನ್ನೊಂದು ಮಹಡಿ ಎಬ್ಬಿಸಬೇಡ ಅಂದರೆ ‘ಜಾಗ ನಂದು’. ತೆರಿಗೆ ಕಟ್ಟು ಅಂದರಂತೂ ಮುಗಿದೇ ಹೋಯಿತು, ಸ್ವಾತಂತ್ರ್ಯದ ಮೇಲೆ ಒಂದು ಗಂಟೆ ಭಾಷಣ. ಸೀನೋಕೂ ದೊಣ್ಣೆ ನಾಯಕನ ಅಪ್ಪಣೆ ಬೇಕಾ ಅನ್ನುವುದು ಅವನ ಮೆಚ್ಚಿನ ಪ್ರಶ್ನೆ.

ಇವನ ಪಕ್ಕದ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಲೌಡ್‌ಸ್ಪೀಕರ್ ಶುರುವಾಗಲಿ, ನೋಡಿ. ಸ್ಪೀಕರ್ ಅವರದು, ಮನೆ ಅವರದು, ಹಾಡೂ ಅವರಿಷ್ಟದ್ದೇ. ಆದರೂ ಇವನು ಐದು ನಿಮಿಷ ತಡೆಯುವುದಿಲ್ಲ. ಪೊಲೀಸರಿಗೆ ಫೋನ್ ಹಚ್ಚುತ್ತಾನೆ. ‘ಏನ್ರೀ, ಕಾನೂನು ಅಂತ ಒಂದು ಇದೆಯೋ, ಸತ್ತೇ ಹೋಯ್ತೋ?’

ಬೆಳಿಗ್ಗೆ ಸ್ವಾತಂತ್ರ್ಯಪ್ರೇಮಿ, ರಾತ್ರಿ ಕಾನೂನುಪ್ರೇಮಿ. ಇಬ್ಬರಿಗೂ ಒಂದೇ ಜೊತೆ ಚಪ್ಪಲಿ. ಅವನ ಬೇಡಿಕೆ ಏನೂ ಜಾಸ್ತಿ ಇಲ್ಲ ಬಿಡಿ. ಕಾನೂನು ಇರಲಿ, ಬಿಗಿಯಾಗಿಯೇ ಇರಲಿ. ಆದರೆ ಅದು ಪಕ್ಕದವರ ಗೇಟಿನ ಮುಂದೆ ನಿಲ್ಲಬೇಕು. ತನ್ನ ಗೇಟಿನ ಒಳಗೆ ಬರುವುದಾದರೆ ಕಾಲಿಂಗ್ ಬೆಲ್ ಒತ್ತಿ, ಅವನು ಬಾ ಅಂದರೆ ಮಾತ್ರ ಬರಬೇಕು.

ಇವನ ಕನಸಿನ ನಾಡು ಯಾವುದು? ಕಾನೂನೇ ಇಲ್ಲದ್ದು. ರಾಜ ಇಲ್ಲ, ಪೊಲೀಸ್ ಇಲ್ಲ, ಕೋರ್ಟ್ ಇಲ್ಲ, ತೆರಿಗೆ ಇಲ್ಲ. ಅಂಥ ಕಡೆ ಬದುಕಿ ನೋಡಿದವರು ಇದ್ದರು. ಕಡಲ್ಗಳ್ಳರು! ನಡು ಸಮುದ್ರ, ಕೈಯಲ್ಲಿ ಪಿಸ್ತೂಲು, ಹಿಡಿದರೆ ಹೇಗೂ ಗಲ್ಲು. ಇನ್ನು ಯಾರ ಅಪ್ಪಣೆಯ ಹಂಗು? ಅಂಥವರು ಹಡಗು ಹತ್ತಿದ ಮೇಲೆ ಮಾಡಿದ್ದೇನು ಗೊತ್ತಾ? ಕೂತುಕೊಂಡು ಕಾನೂನು ಬರೆದರು.

1722ರಲ್ಲಿ ಸತ್ತ ಬಾರ್ತಲೋಮ್ಯೂ ರಾಬರ್ಟ್ಸ್ ಅನ್ನುವ ಕಡಲ್ಗಳ್ಳನ ಹಡಗಿನ ನಿಯಮಗಳು ಅಚ್ಚಾಗಿ ಉಳಿದಿವೆ. ದುಡ್ಡಿಟ್ಟು ಇಸ್ಪೀಟು, ದಾಳ ಆಡುವಂತಿಲ್ಲ. ರಾತ್ರಿ ಎಂಟಕ್ಕೆ ದೀಪ, ಮೇಣದಬತ್ತಿ ಆರಿಸಬೇಕು. ಆಮೇಲೂ ಕುಡಿಯಲೇಬೇಕು ಅನ್ನಿಸಿದವರು ಮೇಲಿನ ಡೆಕ್ಕಿಗೆ ಹೋಗಿ ಬಯಲಲ್ಲಿ ಕುಡಿಯಬೇಕು. ಪಿಸ್ತೂಲು, ಕತ್ತಿ ಚೊಕ್ಕಟವಾಗಿ ಇಟ್ಟುಕೊಳ್ಳಬೇಕು. ಹಡಗಿನಲ್ಲಿ ಒಬ್ಬರ ಮೇಲೊಬ್ಬರು ಕೈ ಮಾಡಬಾರದು, ಜಗಳ ಇದ್ದರೆ ದಡಕ್ಕೆ ಇಳಿದು ತೀರಿಸಿಕೊಳ್ಳಬೇಕು. ಹೋರಾಟದಲ್ಲಿ ಕೈಕಾಲು ಕಳೆದುಕೊಂಡವನಿಗೆ ಎಲ್ಲರ ಹಣದಿಂದ ಪರಿಹಾರ. ವಾದ್ಯ ನುಡಿಸುವವರಿಗೆ ವಾರಕ್ಕೊಂದು ರಜೆ. ಹಾಸ್ಟೆಲ್ ವಾರ್ಡನ್‌ಗೂ ಇಷ್ಟೆಲ್ಲಾ ಹೊಳೆಯುತ್ತಿರಲಿಲ್ಲ.

ದರೋಡೆ ಮಾಡೋರಿಗೆ ಯಾಕೆ ಬೇಕಿತ್ತು ಈ ಶಿಸ್ತು? ಅವರಲ್ಲಿ ತುಂಬಾ ಜನ ಮೊದಲು ವ್ಯಾಪಾರಿ ಹಡಗುಗಳಲ್ಲಿ ಕೂಲಿ ಮಾಡಿದವರು. ಅಲ್ಲಿ ಕ್ಯಾಪ್ಟನ್ ಬಾಯಿಂದ ಬಂದದ್ದೇ ಕಾನೂನು. ಚಾಟಿ ಏಟು ಯಾವಾಗ, ಯಾಕೆ, ಎಷ್ಟು ಅನ್ನುವುದೆಲ್ಲ ಅವನ ಆ ದಿನದ ಮೂಡಿನ ಮೇಲೆ. ಅದಕ್ಕೇ ಇವರು ತಮ್ಮ ಹಡಗಿನಲ್ಲಿ ಮೊದಲು ಕಟ್ಟಿಹಾಕಿದ್ದು ಕ್ಯಾಪ್ಟನ್ನನ್ನೇ. ಮುಖ್ಯ ವಿಷಯಗಳಲ್ಲಿ ಎಲ್ಲರಿಗೂ ಒಂದೊಂದು ಮತ. ಲೂಟಿಯಲ್ಲಿ ಕ್ಯಾಪ್ಟನ್‌ಗೆ ಎರಡು ಪಾಲು, ಅದಕ್ಕಿಂತ ಜಾಸ್ತಿ ಕೇಳಂಗಿಲ್ಲ. ಎಷ್ಟೋ ಹಡಗುಗಳಲ್ಲಿ ಸರಿ ಕಾಣದ ಕ್ಯಾಪ್ಟನ್ನನ್ನು ಮತ ಹಾಕಿ ಇಳಿಸುತ್ತಿದ್ದರು. ಅವರು ಓಡಿ ಬಂದದ್ದು ದೊಣ್ಣೆ ನಾಯಕನಿಂದ. ಇನ್ನೊಬ್ಬ ದೊಣ್ಣೆ ನಾಯಕ ಹುಟ್ಟದಿರಲಿ ಅಂತ ಕಾನೂನು ಬರೆದುಕೊಂಡರು.

ಇಂಗ್ಲೆಂಡಿನ ಜಾನ್ ಲಾಕ್ ಅನ್ನುವ ತತ್ವಜ್ಞಾನಿ 1689ರಲ್ಲೇ ಬರೆದಿದ್ದ, ಕಾನೂನಿಲ್ಲದ ಕಡೆ ಸ್ವಾತಂತ್ರ್ಯವೂ ಇಲ್ಲ ಅಂತ. ಕಡಲ್ಗಳ್ಳರು ಅವನನ್ನು ಓದಿರಲಾರರು. ಬೆನ್ನ ಮೇಲಿನ ಬಾಸುಂಡೆ ಸಾಕಾಗಿತ್ತು. ನಮ್ಮ ಸ್ವಾತಂತ್ರ್ಯಪ್ರೇಮಿಗೆ ಬಾಸುಂಡೆಯ ಅನುಭವ ಇಲ್ಲ. ಕಾನೂನು ಹೋದ ಜಾಗದಲ್ಲಿ ತಾನೇ ಕ್ಯಾಪ್ಟನ್ ಆಗುತ್ತೇನೆ ಅಂತ ಅವನಿಗೆ ಗಟ್ಟಿ ನಂಬಿಕೆ. ಕಾನೂನಿಲ್ಲದ ನಾಡಿನ ಕನಸು ಕಾಣುವವರಲ್ಲಿ ತಾನು ಪಾಯಿಖಾನೆ ತೊಳೆಯುವ ಆಳಾಗಿರುತ್ತೇನೆ ಅಂತ ಕನಸು ಕಂಡವನನ್ನು ನಾನಂತೂ ನೋಡಿಲ್ಲ.

ಸೀನುವ ವಿಷಯಕ್ಕೆ ಬರೋಣ. ಸೀನಲು ನಿಜವಾಗಿಯೂ ಅಪ್ಪಣೆ ಬೇಕಾಗಿ ಬಂದ ಕಾಲ ಒಂದಿತ್ತು. 1918ರಲ್ಲಿ ಇನ್‌ಫ್ಲುಯೆಂಜಾ ಪ್ರಪಂಚದ ತುಂಬಾ ಕೋಟಿಗಟ್ಟಲೆ ಜನರನ್ನು ಕೊಂದಿತು. ಆ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ ಮಾಸ್ಕ್ ಕಡ್ಡಾಯ ಮಾಡಿತು. ಹಾಕದಿದ್ದರೆ ದಂಡ, ಇಲ್ಲಾ ಜೈಲು. ಜನ ಹಾಕಿಕೊಂಡರು. ಕೆಲವರು ಸಿಗಾರ್ ಸೇದೋಕೆ ಅನುಕೂಲ ಆಗಲಿ ಅಂತ ಮಾಸ್ಕಿಗೆ ತೂತು ಮಾಡಿಕೊಂಡರು. ಕಾನೂನೂ ಉಳಿಯಿತು, ಸಿಗಾರೂ ಉಳಿಯಿತು! ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ನವೆಂಬರ್‌ನಲ್ಲಿ ನಗರದ ಮೇಯರ್ ಜೇಮ್ಸ್ ರಾಲ್ಫ್ ಬಾಕ್ಸಿಂಗ್ ಪಂದ್ಯ ನೋಡೋಕೆ ಹೋದರು. ಮಾಸ್ಕ್ ಹಾಕಿರಲಿಲ್ಲ. ಸಿಕ್ಕಿಬಿದ್ದು 50 ಡಾಲರ್ ದಂಡ ಕಟ್ಟಿದರು. ಮಾಸ್ಕ್ ಬೇಕೇ ಬೇಕು ಅಂತ ಹಟ ಹಿಡಿದಿದ್ದ ನಗರದ ಆರೋಗ್ಯಾಧಿಕಾರಿಯೂ ಅದೇ ಪಂದ್ಯದಲ್ಲಿ ಸಿಕ್ಕಿಬಿದ್ದರು. ಅವರಿಗೆ 5 ಡಾಲರ್. ಬೇಲಿ ಎದ್ದು ಹೊಲ ಮೇಯುವುದು ಹೊಸದೇನಲ್ಲ. ಮೇಯ್ದ ಬೇಲಿಗೆ ದಂಡ ಬಿದ್ದದ್ದು ದೊಡ್ಡ ಸುದ್ದಿ. ನನ್ನ ಪ್ರಕಾರ ಆ ವರ್ಷ ಆ ನಗರದಲ್ಲಿ ಮಾಸ್ಕಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಆ 50 ಡಾಲರಿನ ರಸೀದಿ.

1919ರ ಜನವರಿಯಲ್ಲಿ ಜ್ವರ ಮತ್ತೆ ಏರಿತು, ಮಾಸ್ಕ್ ಮತ್ತೆ ಕಡ್ಡಾಯವಾಯಿತು. ಆಗ ಮಾಸ್ಕ್ ವಿರೋಧಿಗಳು ಒಂದು ಸಂಘವನ್ನೇ ಕಟ್ಟಿದರು. ಸ್ವಾತಂತ್ರ್ಯ ಹೋಯಿತು ಅಂದರು. ಅವರ ಮಾತಿನಲ್ಲಿ ಹುರುಳೇ ಇರಲಿಲ್ಲ ಅಂತಲ್ಲ. ಗಾಯಕ್ಕೆ ಕಟ್ಟುವಂಥ ತೆಳು ಬಟ್ಟೆಯ ಆಗಿನ ಮಾಸ್ಕ್ ರೋಗ ತಡೆಯುತ್ತದೋ ಇಲ್ಲವೋ ಅಂತ ವೈದ್ಯರಲ್ಲೇ ಜಗಳವಿತ್ತು. ಆ ಜಗಳ ಆಡಬೇಕಾದದ್ದೇ. ಕೆಲಸಕ್ಕೆ ಬರುತ್ತಾ, ತೋರಿಸಿ ಅಂತ ಕೇಳುವುದು ಒಂದು. ನನ್ನ ಮೂಗು ನನ್ನದು ಅನ್ನುವುದು ಇನ್ನೊಂದು. ಮೂಗು ನಿಮ್ಮದೇ ಸ್ವಾಮಿ. ಅದರಿಂದ ಹೊರಗೆ ಬಂದದ್ದು ಯಾರದು?

ಕೆಲವು ಕಾನೂನುಗಳಿಗೆ ಸರಿ ತಪ್ಪೇ ಇಲ್ಲ, ಯಾವುದೋ ಒಂದು ಇರಬೇಕು ಅಷ್ಟೇ. ಸ್ವೀಡನ್ನಿನವರು ರಸ್ತೆಯ ಎಡಗಡೆ ಓಡಿಸುತ್ತಿದ್ದರು, ಅಕ್ಕಪಕ್ಕದ ದೇಶಗಳು ಬಲಗಡೆ. ಬದಲಾಯಿಸೋಣವಾ ಅಂತ 1955ರಲ್ಲಿ ಜನರನ್ನು ಕೇಳಿದರೆ ನೂರಕ್ಕೆ ಸುಮಾರು 83 ಮಂದಿ ಬೇಡ ಅಂದರು. ಸರ್ಕಾರ ಆದರೂ ಬದಲಾಯಿಸಿತು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ 4.50ಕ್ಕೆ ಎಲ್ಲಾ ಗಾಡಿ ನಿಂತವು, ಮೆಲ್ಲಗೆ ಬಲಕ್ಕೆ ಸರಿದವು, 5ಕ್ಕೆ ಮತ್ತೆ ಹೊರಟವು. ಅವತ್ತು ಒಬ್ಬ ಸ್ವಾತಂತ್ರ್ಯಪ್ರೇಮಿ ‘ನಾನು ಎಡಕ್ಕೇ ಹೋಗುವವನು, ಅದು ನನ್ನ ಆತ್ಮಸಾಕ್ಷಿ’ ಅಂದಿದ್ದರೆ ಅವನ ಸ್ವಾತಂತ್ರ್ಯ ಮೊದಲ ಲಾರಿ ಬರುವ ತನಕ. ಇಡೀ ದೇಶಕ್ಕೆ ಎಲ್ಲಿಗೆ ಬೇಕಾದರೂ ಹೋಗುವ ಸ್ವಾತಂತ್ರ್ಯ ಸಿಕ್ಕಿದ್ದು ಯಾವ ಕಡೆ ಹೋಗಬೇಕು ಅನ್ನುವ ಸ್ವಾತಂತ್ರ್ಯ ಬಿಟ್ಟುಕೊಟ್ಟದ್ದರಿಂದ. ಜನ ಬೇಡ ಅಂದದ್ದನ್ನು ಹೀಗೆ ಮಾಡಬಹುದಾ? ಅದು ನಿಜವಾದ ಪ್ರಶ್ನೆ. ನಮ್ಮವನು ಮಾತ್ರ ಅಲ್ಲಿಗೆ ಹೋಗುವುದೇ ಇಲ್ಲ, ಹೆಲ್ಮೆಟ್ಟಿನ ಪಟ್ಟಿಯಲ್ಲೇ ಸಿಕ್ಕಿಕೊಂಡಿದ್ದಾನೆ.

ಇನ್ನು ರಾತ್ರಿಯ ಅವತಾರ, ಕಾನೂನುಪ್ರೇಮಿ. ಇವನಿಗೆ ಎಲ್ಲ ರೋಗಕ್ಕೂ ಒಂದೇ ಮದ್ದು. ‘ಕಠಿಣ ಕಾನೂನು ತರಬೇಕು ಸಾರ್! ನಾಲ್ಕು ಜನರನ್ನು ನೇಣಿಗೆ ಹಾಕಿದರೆ ಉಳಿದವರು ತಾವಾಗಿಯೇ ದಾರಿಗೆ ಬರ್ತಾರೆ.’ ಈ ಮದ್ದು ಹಳೆಯದು. ಗ್ರೀಸಿನ ಅಥೆನ್ಸ್ ನಗರಕ್ಕೆ ಕಾನೂನು ಬರೆದ ಡ್ರೇಕೋ ಕ್ರಿ.ಪೂ. 621ರ ಸುಮಾರಿಗೇ ಕೊಟ್ಟು ನೋಡಿದ್ದ. ಸೊಪ್ಪು, ಹಣ್ಣು ಕದ್ದವನಿಗೂ ಸಾವೇ ಶಿಕ್ಷೆಯಾಗಿತ್ತಂತೆ. ಇದೇನಯ್ಯಾ ಅಂತ ಕೇಳಿದ್ದಕ್ಕೆ, ಸಣ್ಣ ತಪ್ಪಿಗೆ ಸಾವು ಸರಿಯಾಗಿದೆ, ದೊಡ್ಡ ತಪ್ಪಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಸಿಗಲಿಲ್ಲ ಅಂದನಂತೆ. ಪ್ಲುಟಾರ್ಕ್ ಅನ್ನುವ ಹಳೆಯ ಗ್ರೀಕ್ ಲೇಖಕ ಹೇಳುವ ಕಥೆ ಇದು. ಸ್ವಲ್ಪ ಕಾಲಕ್ಕೆ ಸೋಲನ್ ಅನ್ನುವ ಇನ್ನೊಬ್ಬ ಕಾನೂನುಕಾರ ಬಂದು, ಕೊಲೆಗೆ ಸಂಬಂಧಪಟ್ಟದ್ದನ್ನು ಬಿಟ್ಟು ಉಳಿದದ್ದೆಲ್ಲ ಕಿತ್ತು ಹಾಕಿದ.

ಇಂಗ್ಲೆಂಡ್ ಪಾಠ ಕಲಿಯಲಿಲ್ಲ. 19ನೇ ಶತಮಾನದ ಆರಂಭಕ್ಕೆ ಅಲ್ಲಿ 200ಕ್ಕೂ ಹೆಚ್ಚು ತಪ್ಪುಗಳಿಗೆ ಗಲ್ಲು ಇತ್ತು. ಮನೆಯಿಂದ 40 ಶಿಲಿಂಗ್ ಬೆಲೆಯ ವಸ್ತು ಕದ್ದರೆ ಕುತ್ತಿಗೆಗೆ ಹಗ್ಗ. ಕಳ್ಳತನ ನಿಂತಿತಾ? ಗಲ್ಲಿಗೆ ಹಾಕುವುದನ್ನು ನೋಡಲು ನೆರೆದ ಜನಜಂಗುಳಿಯಲ್ಲೇ ಜೇಬುಗಳ್ಳರಿಗೆ ಸುಗ್ಗಿ ಅಂತ ಆಗಿನವರೇ ಹೇಳಿದ್ದಾರೆ. ಮಜಾ ಇರುವುದು ಕೋರ್ಟಿನೊಳಗೆ. ತಪ್ಪು ಮಾಡಿದನೋ ಇಲ್ಲವೋ ಅಂತ ಹೇಳುವ ಜ್ಯೂರಿಯಲ್ಲಿ ಕೂತವರು ನಮ್ಮ ನಿಮ್ಮಂಥ ಸಾಮಾನ್ಯರು. ಇಷ್ಟಕ್ಕೆಲ್ಲ ಒಂದು ಜೀವ ತೆಗೆಯುವುದಾ ಅಂತ ಅವರ ಕರುಳು ಚುರ್ ಅನ್ನುತ್ತಿತ್ತು. ಅದಕ್ಕೇ ಕದ್ದ ಮಾಲು ಎಷ್ಟೇ ದುಬಾರಿ ಇದ್ದರೂ ‘39 ಶಿಲಿಂಗ್’ ಅಂತ ಬೆಲೆ ಕಟ್ಟಿಬಿಡುತ್ತಿದ್ದರು. ದೇವರ ಮೇಲೆ ಪ್ರಮಾಣ ಮಾಡಿದ ಜನ ದಿನವಿಡೀ ಕೂತು ಸುಳ್ಳು ಲೆಕ್ಕ ಬರೆದರು. ಕಾನೂನು ತೀರಾ ಕಠಿಣವಾದಾಗ ಸುಳ್ಳು ಹೇಳುವ ಕೆಲಸ ಒಳ್ಳೆಯವರ ಪಾಲಿಗೆ ಬರುತ್ತದೆ. ಕೆಟ್ಟವರು ಹೇಗೂ ಹೇಳುತ್ತಿದ್ದರು.

ಅಮೆರಿಕದ ಪಾನನಿಷೇಧದ ಕಥೆ ಎಲ್ಲರಿಗೂ ಗೊತ್ತಿದೆ. 1920ರಿಂದ 1933ರವರೆಗೆ ಇತ್ತು. ಕುಡಿಯುವುದು ತಪ್ಪಲ್ಲ, ತಯಾರಿಸುವುದು, ಸಾಗಿಸುವುದು, ಮಾರುವುದು ಮಾತ್ರ ತಪ್ಪು. ವೈದ್ಯರು ಚೀಟಿ ಬರೆದುಕೊಟ್ಟರೆ ವಿಸ್ಕಿ ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು. ಒಣಗಿಸಿದ ದ್ರಾಕ್ಷಿ ರಸದ ಇಟ್ಟಿಗೆಗಳು ಮಾರಾಟಕ್ಕೆ ಬಂದವು. ‘ನೀರಿನಲ್ಲಿ ಕರಗಿಸಿ ಇಷ್ಟು ದಿನ ಕಪಾಟಿನಲ್ಲಿ ಇಡಬೇಡಿ, ವೈನ್ ಆಗಿಬಿಡುತ್ತದೆ’ ಅಂತ ಅದರ ಮೇಲೆ ಎಚ್ಚರಿಕೆ ಬೇರೆ. ಅಡುಗೆ ವಿಧಾನವನ್ನು ಇಷ್ಟು ನೀಟಾಗಿ ಬರೆದ ಎಚ್ಚರಿಕೆ ಇನ್ನೊಂದಿರಲಾರದು.

ಹಾಗಾದರೆ ಕಾನೂನು ಮುರಿಯೋದು ಬಡಪಾಯಿಗಳು ಮಾತ್ರನಾ? ದೊಡ್ಡವರ ಕಥೆ ಕೇಳಿ. 1215ರ ಜೂನ್ 15ರಂದು ಇಂಗ್ಲೆಂಡಿನ ಜಾನ್ ರಾಜ ಮ್ಯಾಗ್ನಾ ಕಾರ್ಟಾ ಅನ್ನುವ, ರಾಜನ ಅಧಿಕಾರಕ್ಕೆ ಮಿತಿ ಹಾಕುವ ಪತ್ರಕ್ಕೆ ಒಪ್ಪಿಗೆ ಕೊಟ್ಟ. ನೆಲದ ಕಾನೂನಿನ ಪ್ರಕಾರವೇ ಹೊರತು ಯಾವ ಸ್ವತಂತ್ರ ಮನುಷ್ಯನನ್ನೂ ಸುಮ್ಸುಮ್ನೆ ಹಿಡಿದು ಜೈಲಿಗೆ ಹಾಕುವಂತಿಲ್ಲ ಅಂತ ಅದರಲ್ಲಿತ್ತು. ಮುದ್ರೆ ಒತ್ತಿದ ರಾಜ ಮಾಡಿದ್ದೇನು? ಪೋಪ್‌ಗೆ ದೂರು ಕೊಟ್ಟ. ಸುಮಾರು ಹತ್ತು ವಾರದಲ್ಲಿ, ಆಗಸ್ಟ್ 24ಕ್ಕೆ, ಇದು ಬಲವಂತವಾಗಿ ಮಾಡಿಸಿಕೊಂಡದ್ದು, ನಡೆಯೋದಿಲ್ಲ ಅಂತ ಪೋಪ್ ಮೂರನೇ ಇನೊಸೆಂಟ್ ರದ್ದು ಮಾಡಿದ. ರಾಜನ ಸ್ವಾತಂತ್ರ್ಯ ಉಳಿಯಿತು ನೋಡಿ! ಅವನೂ ನಮ್ಮವನ ಹಾಗೆಯೇ, ತನ್ನ ಗೇಟಿನೊಳಗೆ ಕಾನೂನು ಬರಬಾರದು ಅಂದವನು. ಗೇಟು ಸ್ವಲ್ಪ ದೊಡ್ಡದಿತ್ತು, ಅಷ್ಟೇ. ಮುಂದಿನ ವರ್ಷ ಅವನು ಸತ್ತ ಮೇಲೆ ಮ್ಯಾಗ್ನಾ ಕಾರ್ಟಾ ಮತ್ತೆ ಎದ್ದು ಬಂತು.

(ನಡುವೆ ಒಂದು ಮಾತು. ಪ್ರಪಂಚದ ಮೊದಲ ಟ್ರಾಫಿಕ್ ಸಿಗ್ನಲ್ ಅಂತ ಹೇಳುವ ಗ್ಯಾಸ್ ದೀಪವನ್ನು 1868ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ನಿಲ್ಲಿಸಿದ್ದು ಎಲ್ಲಿ? ಸಂಸತ್ ಭವನದ ಹತ್ತಿರದ ರಸ್ತೆಯಲ್ಲಿ. ಮುಂದಿನ ತಿಂಗಳೇ ಗ್ಯಾಸ್ ಸೋರಿ ಅದು ಸಿಡಿಯಿತು. ಗಾಯವಾದದ್ದು ಸಂಸದರಿಗಲ್ಲ, ಅದನ್ನು ತಿರುಗಿಸುತ್ತಿದ್ದ ಪೊಲೀಸ್ ಪೇದೆಗೆ.)

ಕಾನೂನು ಇರಬೇಕಾ ಬೇಡವಾ ಅಂತ ನಮ್ಮವನು ಬೆಳಿಗ್ಗೆ ರಾತ್ರಿ ಕುಸ್ತಿ ಆಡುತ್ತಲೇ ಇದ್ದಾನೆ. ಅದು ಯಾರು ಬರೆದದ್ದು, ಬರೆದವನಿಗೂ ಅನ್ವಯ ಆಗುತ್ತಾ, ಅದನ್ನು ಓದೋಕಾದರೂ ಆಗುತ್ತಾ? ಇವನ್ನು ಕೇಳೋಕೆ ಅವನಿಗೆ ಪುರುಸೊತ್ತಿಲ್ಲ. ಹಿಂದಿನವರು ಈ ಮೂರನೇ ಪ್ರಶ್ನೆಗೇ ಬೀದಿಗಿಳಿದಿದ್ದರು. ರೋಮಿನಲ್ಲಿ ಕಾನೂನು ದೊಡ್ಡ ಮನೆತನಗಳ ಬಾಯಲ್ಲಿ ಇತ್ತು. ಅವರು ಹೇಳಿದ್ದೇ ನ್ಯಾಯ. ಬರೆದು ಎಲ್ಲರಿಗೂ ಕಾಣುವಂತೆ ಇಡಿ ಅಂತ ಸಾಮಾನ್ಯ ಜನ ಪಟ್ಟು ಹಿಡಿದರು. ಕ್ರಿ.ಪೂ. 450ರ ಸುಮಾರಿಗೆ ಹನ್ನೆರಡು ಫಲಕಗಳು ಪೇಟೆಯ ಚೌಕದಲ್ಲಿ ಎದ್ದು ನಿಂತವು. ಅದೇ ರೋಮಿನಲ್ಲಿ ಐದು ಶತಮಾನ ಕಳೆಯುವ ಹೊತ್ತಿಗೆ ಕ್ಯಾಲಿಗುಲ ಚಕ್ರವರ್ತಿಯಾದ. ಹೊಸ ತೆರಿಗೆ ಹಾಕಿದ, ಆದರೆ ನಿಯಮವನ್ನು ಎಲ್ಲೂ ಅಂಟಿಸಲಿಲ್ಲ. ಗೊತ್ತಿಲ್ಲದೆ ಜನ ತಪ್ಪು ಮಾಡಿದರು, ದಂಡ ಕಟ್ಟಿದರು. ಜನ ಗಲಾಟೆ ಮಾಡಿದಾಗ ಅಂಟಿಸಿದ. ಹೇಗೆ? ಇಕ್ಕಟ್ಟಿನ ಜಾಗದಲ್ಲಿ, ಪುಟ್ಟ ಪುಟ್ಟ ಅಕ್ಷರಗಳಲ್ಲಿ, ಯಾರೂ ನಕಲು ಮಾಡಿಕೊಳ್ಳೋಕೆ ಆಗದ ಹಾಗೆ. ರೋಮಿನ ಚರಿತ್ರೆಕಾರ ಸ್ವೆಟೋನಿಯಸ್ ಇದನ್ನು ಅವನ ದುಷ್ಟತನಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ. ಪಾಪ ಕ್ಯಾಲಿಗುಲ! ಈಗ ಹುಟ್ಟಿದ್ದರೆ ಅದೇ ಕೆಲಸಕ್ಕೆ ಒಳ್ಳೆ ಸಂಬಳ ಸಿಗುತ್ತಿತ್ತು.

ಯಾಕೆ ಅಂತೀರಾ? ನಮ್ಮ ಸ್ವಾತಂತ್ರ್ಯಪ್ರೇಮಿಯ ಫೋನ್ ತೆಗೆದು ನೋಡಿ. ಪ್ರತಿ ಆ್ಯಪ್ ಹಾಕಿಕೊಳ್ಳುವಾಗಲೂ ಒಂದು ಉದ್ದನೆಯ ಷರತ್ತುಪಟ್ಟಿ ಬರುತ್ತದೆ. ಅದೂ ಕಾನೂನೇ. ಅವನು ಮತ ಹಾಕದ, ಚರ್ಚೆಯೇ ನಡೆಯದ, ಬರೆದವರು ಯಾವಾಗ ಬೇಕಾದರೂ ತಿದ್ದಬಹುದಾದ ಕಾನೂನು. ನಿನ್ನ ಹೆಸರು, ನೀನು ಓಡಾಡುವ ಜಾಗ, ನಿನ್ನ ಫೋಟೋ ಎಲ್ಲ ನೋಡುತ್ತೇವೆ ಅನ್ನುತ್ತದೆ. ತಕರಾರಿದ್ದರೆ ಕೋರ್ಟಿಗೆ ಹೋಗಬೇಡ, ನಾವು ಹೇಳಿದ ಪಂಚಾಯ್ತಿಗೆ ಬಾ ಅನ್ನುವುದೂ ಉಂಟು. ಸರ್ಕಾರ ಇದರಲ್ಲಿ ಕಾಲು ಭಾಗ ಕೇಳಿದರೂ ಅವನು ರಸ್ತೆಗಿಳಿದು ಟೈರ್ ಸುಡುತ್ತಾನೆ. ಇಲ್ಲಿ? ‘ಒಪ್ಪಿದ್ದೇನೆ’ ಅನ್ನುವ ಗುಂಡಿ ಒತ್ತೋಕೆ ಅವನಿಗೆ ಒಂದು ಸೆಕೆಂಡು ಜಾಸ್ತಿ.

2017ರಲ್ಲಿ ಮ್ಯಾಂಚೆಸ್ಟರ್‌ನ ಒಂದು ವೈಫೈ ಕಂಪನಿ ಇದನ್ನೇ ಪರೀಕ್ಷೆ ಮಾಡಿ ನೋಡಿತು. ಬಿಟ್ಟಿ ವೈಫೈ ಬೇಕಾದರೆ 1000 ಗಂಟೆ ಸಮಾಜಸೇವೆ ಮಾಡಬೇಕು, ಉತ್ಸವಗಳ ತಾತ್ಕಾಲಿಕ ಶೌಚಾಲಯ ತೊಳೆಯಬೇಕು, ಬೀದಿನಾಯಿಗಳನ್ನು ಅಪ್ಪಿಕೊಳ್ಳಬೇಕು ಅಂತ ಷರತ್ತಿನ ನಡುವೆ ತುರುಕಿತು. ಎರಡು ವಾರದಲ್ಲಿ 22,000 ಜನ ಒಪ್ಪಿದರು. ಓದಿ ಹಿಡಿದವರಿಗೆ ಬಹುಮಾನ ಅಂತಲೂ ಅದರಲ್ಲೇ ಬರೆದಿತ್ತು. ಬಹುಮಾನ ಕೇಳಿಕೊಂಡು ಬಂದದ್ದು ಒಬ್ಬನೇ ಒಬ್ಬ. ಉಳಿದವರು ಶೌಚಾಲಯ ತೊಳೆಯಲು ತಮ್ಮ ಸ್ವಂತ ಇಚ್ಛೆಯಿಂದ, ಪೂರ್ತಿ ಸ್ವತಂತ್ರರಾಗಿ ಸಹಿ ಹಾಕಿದವರು. ಕಂಪನಿ ದೊಡ್ಡ ಮನಸ್ಸು ಮಾಡಿ ಬ್ರಷ್ ಕೊಡಲಿಲ್ಲ.

ಮೊನ್ನೆ ನಮ್ಮವನು ‘ನಾನು ಯಾರ ಅಪ್ಪಣೆಗೂ ಕಾಯುವವನಲ್ಲ’ ಅಂತ ಒಂದು ಪೋಸ್ಟ್ ಹಾಕಿದ. ಸ್ವಲ್ಪ ಹೊತ್ತಿಗೆ ಅದು ಮಾಯ. ನಿಯಮ ಮೀರಿದ್ದೀರಿ ಅಂತ ಸಂದೇಶ ಬಂತು, ಯಾವ ನಿಯಮ ಅಂತ ಮಾತ್ರ ಇಲ್ಲ. ಮೈ ಉರಿದು ಹೋಯಿತು ಅವನಿಗೆ. ವಿಚಾರಣೆ ಇಲ್ಲ, ವಕೀಲ ಇಲ್ಲ, ಕಾರಣವೂ ಇಲ್ಲ, ಇದೇನು ರಾಜರ ಕಾಲವಾ ಅಂತ ಕೂಗಾಡಿದ. ಹುಡುಕಿ ಹುಡುಕಿ ಕೊನೆಗೆ ಮೇಲ್ಮನವಿ ಸಲ್ಲಿಸುವ ಪುಟ ಸಿಕ್ಕಿತು. ಎರಡು ಪ್ಯಾರಾ ಖಾರವಾಗಿ ಟೈಪ್ ಮಾಡಿದ. ಕಳಿಸೋಕೆ ಹೋದರೆ ಅಡ್ಡಲಾಗಿ ಒಂದು ಚೌಕ ತೆರೆದುಕೊಂಡಿತು. ನಮ್ಮ ಷರತ್ತುಗಳು ಬದಲಾಗಿವೆ, ಮುಂದುವರಿಯಲು ಒಪ್ಪಿಕೊಳ್ಳಿ.

ಒತ್ತಿದ.